ದೊಡ್ಡ ಹೆಸರಲ್ಲ, ಎರಡನೆಯ ಸಾಲು: ಅಮೆರಿಕದ ಕಾಲೇಜು ಕಾನ್ಫರೆನ್ಸುಗಳ ಬಲಾಬಲ

2023ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಪ್ರಕಟಿಸಿದ ಅಮೆರಿಕದ ಕಾಲೇಜು ಫುಟ್‌ಬಾಲಿನ (ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಅಗ್ರ 25 ತಂಡಗಳ ಪಟ್ಟಿಯಲ್ಲಿ ಪ್ಯಾಕ್-12 ಕಾನ್ಫರೆನ್ಸಿನ, ಅಂದರೆ ಪಶ್ಚಿಮದ ವಿಶ್ವವಿದ್ಯಾಲಯಗಳ ಕ್ರೀಡಾಸಂಘದ, ಎಂಟು ತಂಡಗಳಿದ್ದವು. ಆ ಋತುವಿನ ಕೊನೆಗೆ ಅದರ ಸದಸ್ಯ ತಂಡವಾದ ವಾಷಿಂಗ್ಟನ್, ರಾಷ್ಟ್ರೀಯ ಚಾಂಪಿಯನ್‌ಷಿಪ್ ಫೈನಲ್ ತಲುಪಿ ಮಿಶಿಗನ್ ಎದುರು 34-13ರಿಂದ ಸೋತಿತು. 2016ರ ನಂತರ ಈ ಕಾನ್ಫರೆನ್ಸಿನ ಒಂದು ತಂಡವೂ ಪ್ಲೇಆಫ್ ಮುಖ ಕಂಡಿರಲಿಲ್ಲ. ಅಂದರೆ ಮೈದಾನದ ಆಟವನ್ನೇ ಅಳತೆಗೋಲಾಗಿ ಹಿಡಿದರೆ ಅದು ಪ್ಯಾಕ್-12ಕ್ಕೆ ಹಲವು ವರ್ಷಗಳಲ್ಲೇ ಅತ್ಯುತ್ತಮ ಋತು. ಆದರೆ ಆ ಎಂಟು ತಂಡಗಳ ಹೆಸರು ಪಟ್ಟಿಯಲ್ಲಿ ಅಚ್ಚಾಗುವ ಹೊತ್ತಿಗಾಗಲೇ ಹನ್ನೆರಡು ಸದಸ್ಯ ವಿಶ್ವವಿದ್ಯಾಲಯಗಳಲ್ಲಿ ಹತ್ತು, ತಾವು ಮುಂದಿನ ವರ್ಷ ಬೇರೆ ಕಾನ್ಫರೆನ್ಸುಗಳಿಗೆ ಹೋಗುವುದಾಗಿ ಪ್ರಕಟಿಸಿದ್ದವು. 1915ರಷ್ಟು ಹಿಂದಕ್ಕೆ ಬೇರುಗಳಿದ್ದ ಸಂಸ್ಥೆಯೊಂದು ಮೈದಾನದಲ್ಲಿ ಗೆಲ್ಲುತ್ತಿರುವಾಗಲೇ ಕುಸಿದುಬಿದ್ದಿತ್ತು.

ಕಾನ್ಫರೆನ್ಸಿನ ಬಲ ಯಾವ ತಂಡಗಳ ಮೇಲೆ ನಿಂತಿದೆ ಎಂಬ ಪ್ರಶ್ನೆಗೆ ಅಭಿಮಾನಿಗಳು ಸಾಮಾನ್ಯವಾಗಿ ಕೊಡುವ ಉತ್ತರ ದೊಡ್ಡ ಹೆಸರುಗಳ ಪಟ್ಟಿ: ಅಲಬಾಮ, ಒಹಾಯೊ ಸ್ಟೇಟ್, ಟೆಕ್ಸಾಸ್, ಬಾಸ್ಕೆಟ್‌ಬಾಲಿನಲ್ಲಾದರೆ ಡ್ಯೂಕ್, ಕೆಂಟಕಿ. ಟಿವಿ ಕಂಪನಿಗಳು ಹಣ ಸುರಿಯುವುದು ಈ ಹೆಸರುಗಳಿಗಾಗಿಯೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಳೆದ ಹದಿನೈದು ವರ್ಷಗಳ ವಿದ್ಯಮಾನಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕಾನ್ಫರೆನ್ಸು ಉಳಿಯುತ್ತದೋ ಅಳಿಯುತ್ತದೋ ಎಂಬುದನ್ನು ತೀರ್ಮಾನಿಸಿದ್ದು ಮೊದಲನೆಯ ಸಾಲಿನ ತಂಡಗಳಲ್ಲ, ಅವುಗಳ ಬೆನ್ನಿಗೇ ಇದ್ದ ಎರಡನೆಯ ಸಾಲಿನ ತಂಡಗಳು ಎಂಬುದು ಕಾಣಿಸುತ್ತದೆ. ಬಾಸ್ಕೆಟ್‌ಬಾಲಿನಲ್ಲಂತೂ ಇನ್ನೂ ಕೆಳಗಿಳಿದು, ಪಟ್ಟಿಯ ತಳದಲ್ಲಿರುವ ತಂಡಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕಾನ್ಫರೆನ್ಸ್ ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಐಪಿಎಲ್‌ನಲ್ಲಿ ಲೀಗಿನ ಒಡೆತನ ಬಿಸಿಸಿಐಯದು. ಫ್ರಾಂಚೈಸಿಯೊಂದು ತನ್ನ ತಂಡವನ್ನು ಕಟ್ಟಿಕೊಂಡು ಮತ್ತೊಂದು ಲೀಗಿಗೆ ಹೊರಟುಹೋಗುವ ಪ್ರಶ್ನೆಯೇ ಅಲ್ಲಿಲ್ಲ. ಅಮೆರಿಕದ ಕಾಲೇಜು ಕಾನ್ಫರೆನ್ಸ್ ಹಾಗಲ್ಲ. ಅದು ವಿಶ್ವವಿದ್ಯಾಲಯಗಳು ತಾವೇ ಸೇರಿ ಮಾಡಿಕೊಂಡಿರುವ ಸಂಘ. ಸದಸ್ಯರೇ ಮಾಲೀಕರು, ಅವರ ಕುಲಪತಿಗಳೇ ಆಡಳಿತ ಮಂಡಳಿ, ಕಮಿಷನರ್ ಅವರು ನೇಮಿಸಿಕೊಂಡ ಅಧಿಕಾರಿ. ಸಂಘವು ಎಲ್ಲರ ಪರವಾಗಿ ಪ್ರಸಾರ ಹಕ್ಕುಗಳನ್ನು ಮಾರಿ ಬಂದ ಹಣವನ್ನು ಹಂಚುತ್ತದೆ. ಒಪ್ಪಂದದ ಅವಧಿ ಮುಗಿದ ಮೇಲೆ, ಅಥವಾ ದಂಡ ಕಟ್ಟಲು ಸಿದ್ಧವಿದ್ದರೆ ಅದಕ್ಕೂ ಮೊದಲೇ, ಯಾವ ಸದಸ್ಯ ಬೇಕಾದರೂ ಹೊರಡಬಹುದು. ಹೀಗಾಗಿ ಇಲ್ಲಿ ತಂಡವೊಂದರ ಮಹತ್ವಕ್ಕೆ ಮೂರು ಬೇರೆ ಬೇರೆ ಅರ್ಥಗಳಿವೆ: ಅದು ತರುವ ಹಣ, ಅದು ಗೆಲ್ಲುವ ಪಂದ್ಯ, ಮತ್ತು ಅದು ಹೊರಟುಹೋದರೆ ಉಳಿದವರಿಗೆ ಆಗುವ ಹಾನಿ. ಈ ಮೂರನ್ನು ಒಂದೇ ಎಂದು ಭಾವಿಸುವುದರಿಂದಲೇ ಈ ಚರ್ಚೆ ಬಹಳ ಸಲ ದಾರಿ ತಪ್ಪುತ್ತದೆ.

ಪ್ಯಾಕ್-12ರ ಪತನವನ್ನು ಬಹುತೇಕರು 2022ರ ಜೂನ್ 30ರಿಂದ ಲೆಕ್ಕ ಹಾಕುತ್ತಾರೆ. ಲಾಸ್ ಏಂಜಲಿಸಿನ ಎರಡು ವಿಶ್ವವಿದ್ಯಾಲಯಗಳು, ಯುಎಸ್‌ಸಿ ಮತ್ತು ಯುಸಿಎಲ್ಎ, ಮತ್ತೊಂದು ಕಾನ್ಫರೆನ್ಸಾದ ಬಿಗ್ ಟೆನ್ ಸೇರುವುದಾಗಿ ಪ್ರಕಟಿಸಿದ ದಿನ ಅದು. ಅಮೆರಿಕದ ಎರಡನೆಯ ಅತಿದೊಡ್ಡ ಟಿವಿ ಮಾರುಕಟ್ಟೆ ಒಂದೇ ಏಟಿಗೆ ಕೈತಪ್ಪಿತು. ಪೆಟ್ಟು ದೊಡ್ಡದೇ, ಆದರೆ ಅದು ಪ್ರಾಣಾಂತಿಕವಾಗಿರಲಿಲ್ಲ. ಆಮೇಲೂ ಹತ್ತು ಸದಸ್ಯರು ಉಳಿದಿದ್ದರು. ನೈಕಿ ಸಹಸಂಸ್ಥಾಪಕ ಫಿಲ್ ನೈಟ್ ಅವರ ಧಾರಾಳ ದೇಣಿಗೆಯ ಬಲವಿದ್ದ ಆರೆಗನ್, ಸಿಯಾಟಲ್‌ನಂಥ ದೊಡ್ಡ ನಗರದ ವಾಷಿಂಗ್ಟನ್, ಹಿಂದಿನ ಋತುವಿನ ಚಾಂಪಿಯನ್ ಯೂಟಾ, ವಿದ್ಯಾಪ್ರತಿಷ್ಠೆಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇದ್ದವು. ಈ ಹತ್ತೂ ಒಟ್ಟಿಗೆ ನಿಂತಿದ್ದರೆ ಕಡಿಮೆ ಹಣದಲ್ಲಾದರೂ ಲೀಗು ನಡೆಯುತ್ತಿತ್ತು.

ನಿಲ್ಲಲಿಲ್ಲ. ಕಮಿಷನರ್ ಜಾರ್ಜ್ ಕ್ಲಿಯಾವ್ಕಾಫ್ ಹೊಸ ಪ್ರಸಾರ ಒಪ್ಪಂದ ತರಲು ತೆಗೆದುಕೊಂಡ ಒಂದು ವರ್ಷದಲ್ಲಿ ಎಲ್ಲರೂ ತಂತಮ್ಮ ಬಾಗಿಲುಗಳನ್ನು ನೋಡಿಕೊಂಡಿದ್ದರು. 2023ರ ಜುಲೈ 27ರಂದು ಕೊಲರಾಡೊ ಇನ್ನೊಂದು ಕಾನ್ಫರೆನ್ಸಾದ ಬಿಗ್ 12ಕ್ಕೆ ಹೊರಟಿತು. ಹಿಂದಿನ ವರ್ಷ ಒಂದು ಪಂದ್ಯ ಗೆದ್ದು ಹನ್ನೊಂದು ಸೋತಿದ್ದ ತಂಡ ಅದು; ಆಟದ ಲೆಕ್ಕದಲ್ಲಿ ಅದರ ನಿರ್ಗಮನ ನಷ್ಟವೇ ಅಲ್ಲ. ಆದರೆ ಅಲ್ಲಿಗೆ ಕೋಚ್ ಆಗಿ ವೃತ್ತಿಪರ ಫುಟ್‌ಬಾಲಿನ ಹಳೆಯ ತಾರೆ ಡಿಯಾನ್ ಸ್ಯಾಂಡರ್ಸ್ ಬಂದಿದ್ದರು, ಮತ್ತು ಆ ವರ್ಷದ ಸೆಪ್ಟೆಂಬರಿನಲ್ಲಿ ತಡರಾತ್ರಿ ನಡೆದ ಕೊಲರಾಡೊ ಸ್ಟೇಟ್ ವಿರುದ್ಧದ ಪಂದ್ಯವನ್ನು 93 ಲಕ್ಷ ಮಂದಿ ನೋಡಿದರು. ತಂಡ ಆ ಋತುವನ್ನು ನಾಲ್ಕು ಗೆಲುವು, ಎಂಟು ಸೋಲಿನೊಂದಿಗೆ ಮುಗಿಸಿತು. ಗೆಲ್ಲುವುದೂ ಜನ ನೋಡುವುದೂ ಎರಡು ಬೇರೆ ಸಂಗತಿಗಳು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗಲಾರದು.

ಕೊಲರಾಡೊ ಹೋದ ಮೇಲೆ ಒಂಬತ್ತು ಉಳಿದವು. ಕ್ಲಿಯಾವ್ಕಾಫ್ ತಂದಿದ್ದು ಆ್ಯಪಲ್ ಕಂಪನಿಯ ಪ್ರಸ್ತಾವ: ವರ್ಷಕ್ಕೆ ಪ್ರತಿ ಸದಸ್ಯನಿಗೆ ಸುಮಾರು 2.3 ಕೋಟಿ ಡಾಲರ್ ಖಾತರಿ, ಚಂದಾದಾರರು ಹೆಚ್ಚಿದಂತೆ ಮೇಲೊಂದಿಷ್ಟು. ಆಗಸ್ಟ್ 4ರ ಬೆಳಿಗ್ಗೆ ಕುಲಪತಿಗಳು ಕರೆಯಲ್ಲಿ ಸೇರಿ ಪ್ರಸಾರ ಹಕ್ಕುಗಳನ್ನು ಕಾನ್ಫರೆನ್ಸಿಗೆ ಬರೆದುಕೊಡುವ ಪತ್ರಕ್ಕೆ ಸಹಿ ಹಾಕುವುದೆಂದಿತ್ತು. ಸಹಿ ಬೀಳುವ ಬದಲು ವಾಷಿಂಗ್ಟನ್ ಮತ್ತು ಆರೆಗನ್ ಬಿಗ್ ಟೆನ್‌ಗೆ ಹೊರಟ ಸುದ್ದಿ ಬಂತು. ಅದೇ ದಿನ ಅರಿಝೋನ, ಅರಿಝೋನ ಸ್ಟೇಟ್ ಮತ್ತು ಯೂಟಾ ಬಿಗ್ 12 ಕಡೆ ನಡೆದವು. ಗಮನಿಸಬೇಕಾದ ಸಂಗತಿಯೆಂದರೆ ಆರೆಗನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ನಲ್ಲಿ ಪೂರ್ಣ ಪಾಲು ಪಡೆಯಲಿಲ್ಲ. ಹಳೆಯ ಸದಸ್ಯರಿಗೆ ಸಿಗುವುದರ ಸುಮಾರು ಅರ್ಧಕ್ಕೆ, ಅಂದರೆ ಹೆಚ್ಚುಕಡಿಮೆ 3 ಕೋಟಿ ಡಾಲರಿಗೆ ಒಪ್ಪಿಕೊಂಡವು. ಆ್ಯಪಲ್ ಪ್ರಸ್ತಾವಕ್ಕೂ ಇದಕ್ಕೂ ಅಂತರವಿತ್ತು, ಆದರೆ ಆಕಾಶ ಭೂಮಿಯ ಅಂತರವಲ್ಲ. ಅವು ಓಡಿದ್ದು ಹಣದ ಆಸೆಯಿಂದ ಎನ್ನುವುದಕ್ಕಿಂತ, ಪಕ್ಕದವರು ಮೊದಲು ಓಡಿದರೆ ತಾವು ಒಂಟಿಯಾಗುತ್ತೇವೆಂಬ ಭಯದಿಂದ ಎನ್ನುವುದು ಹೆಚ್ಚು ಸರಿ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಗಳಿಗೆ ಅಟ್ಲಾಂಟಿಕ್ ಕರಾವಳಿಯ ಎಸಿಸಿಯಲ್ಲಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಜಾಗ ಸಿಕ್ಕಿತು, ಅದೂ ಮೊದಲ ಏಳು ವರ್ಷ ಶೇ 30ರಷ್ಟು ಪಾಲಿಗೆ. ಪೆಸಿಫಿಕ್ ಸಾಗರದ ಅಂಚಿನಲ್ಲಿರುವವರು ಅಟ್ಲಾಂಟಿಕ್ ಹೆಸರಿನ ಕಾನ್ಫರೆನ್ಸಿನಲ್ಲಿ ಆಡುವ ವಿಚಿತ್ರವನ್ನು ಭೂಗೋಳದ ಮೇಷ್ಟ್ರುಗಳು ಹೇಗೆ ವಿವರಿಸುತ್ತಾರೋ!

ಕೊನೆಗೆ ಉಳಿದದ್ದು ಕೊರ್ವಾಲಿಸ್ ಊರಿನ ಆರೆಗನ್ ಸ್ಟೇಟ್ ಮತ್ತು ಪುಲ್‌ಮನ್ ಊರಿನ ವಾಷಿಂಗ್ಟನ್ ಸ್ಟೇಟ್. ಮೇಲೆ ಹೇಳಿದ ಎಂಟು ತಂಡಗಳ ಪಟ್ಟಿಯಲ್ಲಿ ಈ ಎರಡೂ ಇದ್ದವು ಎಂಬುದು ಕಹಿಯಾದ ಸಂಗತಿ. ಆಟದಲ್ಲಿ ಅವು ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಊರು ಚಿಕ್ಕದು, ಟಿವಿ ಮಾರುಕಟ್ಟೆ ಚಿಕ್ಕದು. ಕಾನ್ಫರೆನ್ಸಿನ ಆಸ್ತಿ ಮತ್ತು ಆಡಳಿತ ಮಂಡಳಿಯ ಮೇಲಿನ ಹಿಡಿತಕ್ಕಾಗಿ ಅವು ನ್ಯಾಯಾಲಯಕ್ಕೆ ಹೋಗಿ ಗೆದ್ದವು. ಮುಂದೆ 2026ರ ಜುಲೈನಿಂದ ಜಾರಿಗೆ ಬರುವಂತೆ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಗೊನ್ಝಾಗ ಮೊದಲಾದವನ್ನು ಕರೆದುಕೊಂಡು ಹಳೆಯ ಹೆಸರಿನಲ್ಲಿ ಹೊಸ ಲೀಗನ್ನು ಕಟ್ಟಿಕೊಂಡವು.

ಈಗ ಇದರ ಪಕ್ಕದಲ್ಲಿ ಬಿಗ್ 12 ಕಥೆಯನ್ನು ಇಟ್ಟು ನೋಡಬೇಕು. ಅದು ಕಳೆದುಕೊಂಡಷ್ಟು ದೊಡ್ಡ ಹೆಸರುಗಳನ್ನು ಪ್ಯಾಕ್-12 ಕೂಡ ಆರಂಭದಲ್ಲಿ ಕಳೆದುಕೊಂಡಿರಲಿಲ್ಲ. 2011ರಲ್ಲಿ ನೆಬ್ರಾಸ್ಕ ಮತ್ತು ಕೊಲರಾಡೊ, 2012ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಮತ್ತು ಮಿಸ್ಸೂರಿ ಹೋದವು. 2021ರ ಜುಲೈನಲ್ಲಿ ಉಳಿದಿದ್ದ ಎರಡು ಕಂಬಗಳಾದ ಟೆಕ್ಸಾಸ್ ಮತ್ತು ಒಕ್ಲಹೋಮ ಆಗ್ನೇಯ ರಾಜ್ಯಗಳ ಕಾನ್ಫರೆನ್ಸಾದ ಎಸ್‌ಇಸಿಗೆ ಹೋಗುವುದಾಗಿ ಹೇಳಿದವು. ಆಗಿನ ಕಮಿಷನರ್ ಬಾಬ್ ಬೌಲ್ಸ್‌ಬಿ ಟೆಕ್ಸಾಸ್ ರಾಜ್ಯದ ಸೆನೆಟ್ ಸಮಿತಿಯ ಮುಂದೆ, ಕಾನ್ಫರೆನ್ಸಿನ ಪ್ರಸಾರ ಮೌಲ್ಯದ ಅರ್ಧದಷ್ಟು ಈ ಎರಡೇ ತಂಡಗಳದ್ದಾಗಿರಬಹುದು ಎಂಬ ಅಂದಾಜು ಕೊಟ್ಟರು. ಉಳಿದ ಎಂಟರಲ್ಲಿ ಬೇಲರ್, ಕ್ಯಾನ್ಸಸ್, ಒಕ್ಲಹೋಮ ಸ್ಟೇಟ್, ಟಿಸಿಯು, ಟೆಕ್ಸಾಸ್ ಟೆಕ್ ಇದ್ದವು. ಇವುಗಳಲ್ಲಿ ಒಂದನ್ನೂ ಬಿಗ್ ಟೆನ್ ಆಗಲಿ ಎಸ್‌ಇಸಿ ಆಗಲಿ ಕರೆಯಲಿಲ್ಲ. ಕರೆಯದೇ ಇದ್ದದ್ದೇ ಆ ಕಾನ್ಫರೆನ್ಸನ್ನು ಉಳಿಸಿತು. ಹೋಗಲು ಬೇರೆ ಮನೆಯಿಲ್ಲದ ಎಂಟು ಸದಸ್ಯರು ಎರಡು ತಿಂಗಳೊಳಗೆ ಬ್ರಿಗಮ್ ಯಂಗ್, ಸಿನ್ಸಿನಾಟಿ, ಹ್ಯೂಸ್ಟನ್ ಮತ್ತು ಯುಸಿಎಫ್‌ಗಳಿಗೆ ಆಹ್ವಾನ ಕೊಟ್ಟರು. 2022ರಲ್ಲಿ ಬಂದ ಹೊಸ ಕಮಿಷನರ್ ಬ್ರೆಟ್ ಯೋರ್ಮಾರ್ಕ್, ತಮ್ಮ ಒಪ್ಪಂದ ಮುಗಿಯಲು ಇನ್ನೂ ಸಮಯವಿದ್ದರೂ ಪ್ಯಾಕ್-12ಕ್ಕಿಂತ ಮೊದಲೇ ಮಾತುಕತೆ ಮುಗಿಸಿ, ಟಿವಿ ಕಂಪನಿಗಳಾದ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಆರು ವರ್ಷಕ್ಕೆ 228 ಕೋಟಿ ಡಾಲರಿನ ಕರಾರು ಮಾಡಿಕೊಂಡರು. ಸದಸ್ಯನೊಬ್ಬನಿಗೆ ವರ್ಷಕ್ಕೆ ಸರಾಸರಿ 3.17 ಕೋಟಿ. ಅರ್ಧ ಮೌಲ್ಯ ಹೋಗಬೇಕಿದ್ದ ಲೀಗು ಕೈಸುಟ್ಟುಕೊಳ್ಳದೆ ಪಾರಾಯಿತು, ಅಷ್ಟೇ ಅಲ್ಲ, ಟಿವಿ ಕಂಪನಿಗಳ ಕೈಯಲ್ಲಿದ್ದ ಹಣದಲ್ಲಿ ಪ್ಯಾಕ್-12ರ ಪಾಲನ್ನೂ ಕಿರಿದುಗೊಳಿಸಿತು.

ಎರಡೂ ಕಾನ್ಫರೆನ್ಸುಗಳು ತಮ್ಮ ತಮ್ಮ ಅತಿ ಬೆಲೆಬಾಳುವ ಎರಡು ತಂಡಗಳನ್ನು ಕಳೆದುಕೊಂಡವು. ಒಂದು ಸತ್ತಿತು, ಒಂದು ಬೆಳೆಯಿತು. ಯೋರ್ಮಾರ್ಕ್ ಚುರುಕು, ಕ್ಲಿಯಾವ್ಕಾಫ್ ನಿಧಾನ ಎಂಬ ವಿವರಣೆಯಲ್ಲಿ ಸತ್ಯವಿದೆಯಾದರೂ ಅದು ಪೂರ್ತಿ ಸತ್ಯವಲ್ಲ. ಪ್ಯಾಕ್-12ರ ಎರಡನೆಯ ಸಾಲಿನವರಿಗೆ ಬೇರೆ ಕಡೆ ಬೇಡಿಕೆಯಿತ್ತು, ಬಿಗ್ 12ರ ಎರಡನೆಯ ಸಾಲಿನವರಿಗೆ ಇರಲಿಲ್ಲ. ಮೂರನೆಯಿಂದ ಆರನೆಯ ಸ್ಥಾನದವರೆಗಿನ ತಂಡಗಳು ಆಕರ್ಷಕವಾಗಿದ್ದಷ್ಟೂ ಕಾನ್ಫರೆನ್ಸು ಹೊರಗಿನಿಂದ ಬಲವಾಗಿ ಕಾಣುತ್ತದೆ, ಒಳಗಿನಿಂದ ಸಡಿಲವಾಗಿರುತ್ತದೆ. ಬಲವನ್ನು ಅಳೆಯುವವರು ಈ ವೈರುಧ್ಯವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಮಾನರ ಕೂಟಕ್ಕೂ ಅದರದೇ ಬೆಲೆಯಿದೆ. ನಮ್ಮ ಕಡೆಯಿಂದ ಎಂ.ಎಸ್. ಓದಲು ಹೋಗುವವರ ಬಾಯಲ್ಲಿ ಸದಾ ಕೇಳಿಬರುವ ಅರಿಝೋನ ಸ್ಟೇಟ್, 2024ರ ಋತುವಿಗೆ ಮುನ್ನ ಪತ್ರಕರ್ತರು ಹಾಕಿದ ಮತದಲ್ಲಿ ಬಿಗ್ 12ರ ಹದಿನಾರು ತಂಡಗಳಲ್ಲಿ ಹದಿನಾರನೆಯದಾಗಿತ್ತು. ಋತು ಮುಗಿದಾಗ ಅದೇ ಚಾಂಪಿಯನ್. ನೋಡುವವರಿಗೆ ಇದು ಹಬ್ಬ. ಆದರೆ ಅದೇ ವರ್ಷದ ಹನ್ನೆರಡು ತಂಡಗಳ ಪ್ಲೇಆಫ್‌ಗೆ ಬಿಗ್ ಟೆನ್‌ನಿಂದ ನಾಲ್ಕು, ಎಸ್‌ಇಸಿಯಿಂದ ಮೂರು, ಎಸಿಸಿಯಿಂದ ಎರಡು ತಂಡಗಳು ಹೋದರೆ ಬಿಗ್ 12ರಿಂದ ಹೋದದ್ದು ಅರಿಝೋನ ಸ್ಟೇಟ್ ಒಂದೇ. ಎಲ್ಲರೂ ಎಲ್ಲರನ್ನೂ ಸೋಲಿಸುವ ಲೀಗಿನಲ್ಲಿ ಒಬ್ಬರ ಲೆಕ್ಕವೂ ಶುಭ್ರವಾಗಿ ಉಳಿಯುವುದಿಲ್ಲ. 2026ರಿಂದ ಪ್ಲೇಆಫ್ ಹಣದಲ್ಲಿ ಬಿಗ್ ಟೆನ್ ಮತ್ತು ಎಸ್‌ಇಸಿಗಳಿಗೆ ತಲಾ ಶೇ 29ರ ಆಸುಪಾಸು, ಎಸಿಸಿಗೆ 17, ಬಿಗ್ 12ಕ್ಕೆ 15 ಎಂದು ಹಂಚಿಕೆಯಾಗಿರುವುದರಲ್ಲಿ ಈ ಕೊರತೆಯ ಬೆಲೆ ಕಾಣುತ್ತದೆ.

ಫುಟ್‌ಬಾಲಿನ ತಳದ ತಂಡಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವರ್ಷಕ್ಕೆ ಹನ್ನೆರಡೇ ಪಂದ್ಯಗಳಿರುವ ಆಟದಲ್ಲಿ ದೊಡ್ಡ ತಂಡಗಳು ಹತ್ತು ಹನ್ನೊಂದು ಗೆಲ್ಲಬೇಕಾದರೆ ಸೋಲುವವರೂ ಬೇಕು. ವಾಂಡರ್‌ಬಿಲ್ಟ್ ದಶಕಗಳ ಕಾಲ ಎಸ್‌ಇಸಿಗೆ ಆ ಕೆಲಸ ಮಾಡಿಕೊಟ್ಟು ಸಮಪಾಲು ಪಡೆಯಿತು. 2024ರ ಅಕ್ಟೋಬರಿನಲ್ಲಿ ಅದು ಅಗ್ರಸ್ಥಾನದ ಅಲಬಾಮವನ್ನು 40-35ರಿಂದ ಸೋಲಿಸಿದ್ದು ದೊಡ್ಡ ಸುದ್ದಿಯಾದದ್ದು ಅದಕ್ಕೇ.

ಬಾಸ್ಕೆಟ್‌ಬಾಲಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಮಾರ್ಚ್ ತಿಂಗಳ 68 ತಂಡಗಳ ಎನ್‌ಸಿಎಎ (ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ಟೂರ್ನಿಗೆ ಎಷ್ಟು ತಂಡಗಳು ಆಯ್ಕೆಯಾಗುತ್ತವೆ ಎಂಬುದೇ ಕಾನ್ಫರೆನ್ಸಿನ ಬಲದ ಅಳತೆ, ಮತ್ತು ಅಲ್ಲಿ ಫೈನಲ್ ಬಿಟ್ಟು ಆಡುವ ಒಂದೊಂದು ಪಂದ್ಯಕ್ಕೂ ಆರು ವರ್ಷಗಳಲ್ಲಿ ಒಟ್ಟು 20 ಲಕ್ಷ ಡಾಲರಿನಷ್ಟು ಹಣ ಕಾನ್ಫರೆನ್ಸಿಗೆ ಸಂದಾಯವಾಗುತ್ತದೆ. ಆಯ್ಕೆ ಸಮಿತಿ ಬಳಸುವ 'ನೆಟ್' ಶ್ರೇಯಾಂಕ, ಯಾರನ್ನು ಎಲ್ಲಿ ಸೋಲಿಸಿದಿರಿ ಎಂಬುದನ್ನು ಮುಖ್ಯವಾಗಿ ನೋಡುತ್ತದೆ. ಎದುರಾಳಿಯ ಅಂಗಳದಲ್ಲಿ 75ನೇ ಶ್ರೇಯಾಂಕದೊಳಗಿನ ತಂಡವನ್ನು ಸೋಲಿಸಿದರೆ ಅದು ಮೊದಲ ದರ್ಜೆಯ ಗೆಲುವು. ಅದೇ ತಂಡ 76ಕ್ಕೆ ಜಾರಿದರೆ ಗೆಲುವಿನ ದರ್ಜೆಯೂ ಜಾರುತ್ತದೆ. ಇಲ್ಲಿ ಒಂದು ಸರಳ ಗಣಿತವಿದೆ. ಜನವರಿಯಿಂದ ಕಾನ್ಫರೆನ್ಸಿನ ತಂಡಗಳು ತಮ್ಮತಮ್ಮಲ್ಲೇ ಆಡುತ್ತವೆ, ಒಬ್ಬರ ಗೆಲುವು ಇನ್ನೊಬ್ಬರ ಸೋಲು, ಒಟ್ಟು ಲೆಕ್ಕ ಸದಾ ಅರ್ಧಕ್ಕರ್ಧ. ಆದ್ದರಿಂದ ಕಾನ್ಫರೆನ್ಸಿನ ಬೆಲೆ ನಿಗದಿಯಾಗುವುದು ನವೆಂಬರ್ ಮತ್ತು ಡಿಸೆಂಬರಿನಲ್ಲಿ, ಹೊರಗಿನವರ ವಿರುದ್ಧ. ಆ ಎರಡು ತಿಂಗಳಲ್ಲಿ ಹದಿನಾಲ್ಕನೆಯ ಸ್ಥಾನದ ತಂಡವೊಂದು ಯಾವುದೋ ಸಣ್ಣ ಕಾಲೇಜಿಗೆ ಸೋತರೆ, ಫೆಬ್ರುವರಿಯಲ್ಲಿ ಅದನ್ನು ಸೋಲಿಸುವ ಎಲ್ಲ ಸಹಸದಸ್ಯರ ಗೆಲುವಿನ ಬೆಲೆಯೂ ಇಳಿಯುತ್ತದೆ.

ಎಸ್‌ಇಸಿ ಇದನ್ನು ಕಷ್ಟಪಟ್ಟು ಕಲಿಯಿತು. 2012ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಕೆಂಟಕಿ ಅದರ ಸದಸ್ಯ. ಬಾಸ್ಕೆಟ್‌ಬಾಲಿನ ಅತಿ ದೊಡ್ಡ ಹೆಸರುಗಳಲ್ಲೊಂದು. ಆದರೂ 2016ರಲ್ಲಿ ಹದಿನಾಲ್ಕು ತಂಡಗಳ ಎಸ್‌ಇಸಿಯಿಂದ ಮೂರೇ ತಂಡಗಳು ಟೂರ್ನಿಗೆ ಹೋದವು. ಆ ವರ್ಷ ಕಾನ್ಫರೆನ್ಸು, ಬಿಗ್ ಈಸ್ಟ್ ಕಾನ್ಫರೆನ್ಸಿನ ಮಾಜಿ ಕಮಿಷನರ್ ಮೈಕ್ ಟ್ರಾಂಗೀಸಿ ಅವರನ್ನು ಸಲಹೆಗಾರರನ್ನಾಗಿ ಕರೆತಂದಿತು. ದುರ್ಬಲ ಎದುರಾಳಿಗಳನ್ನು ಕರೆಸಿ ಸುಲಭದ ಗೆಲುವು ಪಡೆಯುವ ಚಾಳಿಗೆ ಕಡಿವಾಣ ಬಿತ್ತು; ಒಂದೊಂದೇ ಸದಸ್ಯರು ಒಳ್ಳೆಯ ಕೋಚ್‌ಗಳಿಗೆ ದುಡ್ಡು ಬಿಚ್ಚಿದರು. 2024ರ ಡಿಸೆಂಬರಿನಲ್ಲಿ ಎಸಿಸಿ ವಿರುದ್ಧದ ಮುಖಾಮುಖಿಯಲ್ಲಿ ಎಸ್‌ಇಸಿ ಹದಿನಾರು ಪಂದ್ಯಗಳಲ್ಲಿ ಹದಿನಾಲ್ಕನ್ನು ಗೆದ್ದಿತು. 2025ರ ಮಾರ್ಚಿನಲ್ಲಿ ಅದರ ಹದಿನಾರು ತಂಡಗಳಲ್ಲಿ ಹದಿನಾಲ್ಕು ಆಯ್ಕೆಯಾದವು. ಅದು ದಾಖಲೆ. ಪ್ರಶಸ್ತಿಯೂ ಫ್ಲಾರಿಡಾ ಮೂಲಕ ಅದಕ್ಕೇ ಬಂತು.

ಅದೇ ವರ್ಷದ ಎಸಿಸಿಯನ್ನು ನೋಡಿದರೆ ಸಾಕು, ಒಂಟಿ ದೈತ್ಯನ ಮಿತಿ ಅರ್ಥವಾಗುತ್ತದೆ. ಡ್ಯೂಕ್ ಕಾನ್ಫರೆನ್ಸಿನೊಳಗೆ ಇಪ್ಪತ್ತರಲ್ಲಿ ಹತ್ತೊಂಬತ್ತು ಗೆದ್ದು, ಅಗ್ರ ಶ್ರೇಯಾಂಕ ಪಡೆದು, ಕೊನೆಯ ನಾಲ್ಕರವರೆಗೂ ಹೋಯಿತು. ಆದರೆ ಹದಿನೆಂಟು ಸದಸ್ಯರಲ್ಲಿ ಆಯ್ಕೆಯಾದದ್ದು ನಾಲ್ಕೇ. ವೇಕ್ ಫಾರೆಸ್ಟ್ ಕಾನ್ಫರೆನ್ಸಿನಲ್ಲಿ ಹದಿಮೂರು ಪಂದ್ಯ ಗೆದ್ದೂ ಹೊರಗುಳಿಯಿತು. ಅಷ್ಟೇ ಗೆದ್ದ ನಾರ್ತ್ ಕ್ಯಾರಲೈನ ಕಟ್ಟಕಡೆಯಲ್ಲಿ ಹೇಗೋ ಒಳಗೆ ನುಸುಳಿತು. ಡ್ಯೂಕ್‌ನ ಗೆಲುವುಗಳಿಂದ ಡ್ಯೂಕ್‌ಗೆ ಲಾಭವಾಯಿತೇ ವಿನಾ ಮಧ್ಯದವರಿಗಲ್ಲ, ಏಕೆಂದರೆ ಅವರಿಗೆ ಡ್ಯೂಕನ್ನು ಸೋಲಿಸಲಾಗಲಿಲ್ಲ, ಅವರು ಸೋಲಿಸಿದ ತಂಡಗಳಿಗೆ ಬೆಲೆಯಿರಲಿಲ್ಲ.

ಇಂಥ ಎಸಿಸಿಯೇ ಈಗ, ಯಾವ ತಂಡ ಎಷ್ಟು ಮುಖ್ಯ ಎಂಬುದನ್ನು ಸೂತ್ರವೊಂದರಲ್ಲಿ ಬರೆದಿಡಲು ಹೊರಟಿದೆ. 2023ರಲ್ಲಿ ಹದಿಮೂರಕ್ಕೆ ಹದಿಮೂರೂ ಗೆದ್ದ ಫ್ಲಾರಿಡಾ ಸ್ಟೇಟ್ ಅನ್ನು ಪ್ಲೇಆಫ್ ಸಮಿತಿ ಹೊರಗಿಟ್ಟಾಗ ಆ ವಿಶ್ವವಿದ್ಯಾಲಯ ಕಾನ್ಫರೆನ್ಸಿನ ಮೇಲೆಯೇ ಮೊಕದ್ದಮೆ ಹೂಡಿತು. ಕ್ಲೆಮ್ಸನ್ ಕೆಲವೇ ತಿಂಗಳಲ್ಲಿ ಅದೇ ದಾರಿ ಹಿಡಿಯಿತು. 2025ರ ಮಾರ್ಚಿನಲ್ಲಾದ ರಾಜಿಯ ಪ್ರಕಾರ ಪ್ರಸಾರದ ಮೂಲ ಹಣದಲ್ಲಿ ಶೇ 40ನ್ನು ಸಮನಾಗಿಯೂ, ಶೇ 60ನ್ನು ಐದು ವರ್ಷಗಳ ಟಿವಿ ವೀಕ್ಷಕರ ಸರಾಸರಿಯ ಮೇಲೂ ಹಂಚಲಾಗುತ್ತದೆ. ಕಾನ್ಫರೆನ್ಸ್ ಬಿಡುವ ಶುಲ್ಕ 16.5 ಕೋಟಿ ಡಾಲರಿನಿಂದ ವರ್ಷವರ್ಷವೂ ಇಳಿದು 2030-31ಕ್ಕೆ 7.5 ಕೋಟಿಗೆ ಬರುತ್ತದೆ.

ಸೂತ್ರ ನ್ಯಾಯವಾಗಿ ಕಾಣುತ್ತದೆ, ಆದರೆ ಅದರ ಬುಡದಲ್ಲಿ ತೊಡಕಿದೆ. ಪಂದ್ಯವನ್ನು ನೋಡುವವರು ಎರಡೂ ತಂಡಗಳನ್ನು ನೋಡುತ್ತಾರೆ. ಆ ವೀಕ್ಷಕರು ಯಾರ ಖಾತೆಗೆ ಸೇರಬೇಕು? ಯಾವ ಪಂದ್ಯವನ್ನು ಶನಿವಾರ ಸಂಜೆ ದೇಶವಿಡೀ ಕಾಣುವ ಎಬಿಸಿಯಲ್ಲಿ ತೋರಿಸಬೇಕು, ಯಾವುದನ್ನು ಮಧ್ಯಾಹ್ನ ಸಣ್ಣ ವಾಹಿನಿಗೆ ತಳ್ಳಬೇಕು ಎಂಬುದನ್ನು ನಿರ್ಧರಿಸುವುದು ಇಎಸ್‌ಪಿಎನ್. ಹೆಸರಿರುವವರಿಗೆ ಒಳ್ಳೆಯ ಸಮಯ, ಒಳ್ಳೆಯ ಸಮಯದಿಂದ ಹೆಚ್ಚು ವೀಕ್ಷಕರು, ಅದರಿಂದ ಹೆಚ್ಚು ಹಣ. ಹೀಗೆ ಅಳತೆಗೋಲೇ ಅಳೆಯಬೇಕಾದ ವಸ್ತುವನ್ನು ತಯಾರಿಸುತ್ತಿದೆ. ಫ್ಲಾರಿಡಾ ಸ್ಟೇಟ್ 2024ರಲ್ಲಿ ಎರಡು ಗೆದ್ದು ಹತ್ತು ಸೋತದ್ದು ಈ ಲೆಕ್ಕದಲ್ಲಿ ಅಷ್ಟೇನೂ ದೊಡ್ಡ ಅಪರಾಧವಲ್ಲ. ಇನ್ನೊಂದು ಕಡೆ, ಸೋಲಿನ ಇತಿಹಾಸಕ್ಕೇ ಹೆಸರಾಗಿದ್ದ ಬಿಗ್ ಟೆನ್‌ನ ಇಂಡಿಯಾನ, ಕೋಚ್ ಕರ್ಟ್ ಸಿಗ್ನೆಟಿ ಬಂದ ಎರಡನೆಯ ಋತುವಾದ 2025ರಲ್ಲಿ ಒಹಾಯೊ ಸ್ಟೇಟ್ ಅನ್ನು 13-10ರಿಂದ ಸೋಲಿಸಿ ಕಾನ್ಫರೆನ್ಸನ್ನೂ, ಬಳಿಕ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು. ಹಿಂದಿನ ಐದು ವರ್ಷಗಳ ವೀಕ್ಷಕರ ಲೆಕ್ಕದ ಮೇಲೆ ಇಂಥ ತಂಡಕ್ಕೆ ಪಾಲು ಹಂಚಿದ್ದರೆ ಅದು ಏಳುವ ಸಾಧ್ಯತೆಯೇ ಕಡಿಮೆಯಿತ್ತು. ಬಿಗ್ ಟೆನ್ ಹಳೆಯ ಸದಸ್ಯರಿಗೆ ಸಮಪಾಲು ಕೊಡುತ್ತ ಬಂದದ್ದರ ಫಲವನ್ನು ಇಂಡಿಯಾನದಲ್ಲಿ ಕಾಣಬಹುದು.

ಎಸಿಸಿಯ ಭವಿಷ್ಯವನ್ನು ಮಾತನಾಡುವಾಗ ಎಲ್ಲರ ಕಣ್ಣು ಫ್ಲಾರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ಮೇಲಿದೆ. ನನ್ನ ಮಟ್ಟಿಗೆ ನೋಡಬೇಕಾದದ್ದು ನಾರ್ತ್ ಕ್ಯಾರಲೈನ ಮತ್ತು ವರ್ಜೀನಿಯಗಳನ್ನು. ಆ ಎರಡು ರಾಜ್ಯಗಳಲ್ಲಿ ಬಿಗ್ ಟೆನ್‌ಗಾಗಲಿ ಎಸ್‌ಇಸಿಗಾಗಲಿ ಈವರೆಗೆ ಒಬ್ಬ ಸದಸ್ಯನೂ ಇಲ್ಲ. ಎರಡೂ ದೊಡ್ಡ ಜನಸಂಖ್ಯೆಯ, ಪ್ರತಿಷ್ಠಿತ ಸರ್ಕಾರಿ ವಿಶ್ವವಿದ್ಯಾಲಯಗಳಿರುವ ರಾಜ್ಯಗಳು. ಫ್ಲಾರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ಹೋಗಿ ಇವು ಉಳಿದರೆ ಎಸಿಸಿ 2021ರ ಬಿಗ್ 12ರಂತೆ ಬಡವಾದರೂ ಬದುಕುತ್ತದೆ. ಇವು ಹೊರಟರೆ ವೇಕ್ ಫಾರೆಸ್ಟ್, ಬಾಸ್ಟನ್ ಕಾಲೇಜ್, ಸಿರಕ್ಯೂಸ್‌ಗಳಿಗೆ ಉಳಿಯುವುದು ಹೆಸರಷ್ಟೇ. ಹೊರಡುವ ಶುಲ್ಕ ತಳ ಮುಟ್ಟುವ ಹೊತ್ತಿಗೆ, 2030ರಲ್ಲಿ ಬಿಗ್ ಟೆನ್‌ನ ಮತ್ತು 2031ರಲ್ಲಿ ಬಿಗ್ 12ರ ಈಗಿನ ಪ್ರಸಾರ ಒಪ್ಪಂದಗಳೂ ಮುಗಿಯುತ್ತವೆ. ಬಾಸ್ಕೆಟ್‌ಬಾಲನ್ನೇ ಉಸಿರಾಡುವ ನಾರ್ತ್ ಕ್ಯಾರಲೈನ 2024ರ ಡಿಸೆಂಬರಿನಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನ ಹೆಸರಾಂತ ಕೋಚ್ ಬಿಲ್ ಬೆಲಿಚೆಕ್ ಅವರನ್ನು ಫುಟ್‌ಬಾಲ್ ಕೋಚ್ ಆಗಿ ಕರೆತಂದದ್ದನ್ನು ಈ ದಿನಾಂಕಗಳ ಜೊತೆಗಿಟ್ಟು ಓದಬೇಕು. ಮೊದಲ ಋತುವಿನಲ್ಲಿ ತಂಡ ನಾಲ್ಕು ಗೆದ್ದು ಎಂಟು ಸೋತಿತು. ಆದರೂ ಅದರ ಮೊದಲ ಪಂದ್ಯವನ್ನು ಇಎಸ್‌ಪಿಎನ್ ಲೇಬರ್ ಡೇ ರಜೆಯ ರಾತ್ರಿಗೆ, ಬೇರೆ ಯಾವ ದೊಡ್ಡ ಪಂದ್ಯವೂ ಇಲ್ಲದ ಹೊತ್ತಿಗೆ ಇಟ್ಟಿತ್ತು.